ಒಂಟಿ ಮಿಠಾಯಿ ಕೊಡಬಾರದು

ಹ್ಯಾಲೋವೀನ್ ಎಂದರೆ ದೆವ್ವಗಳ ಹಬ್ಬ ಅಂತ ಊರಲ್ಲಿ ಎಲ್ಲರೂ ತಿಳಿದುಕೊಂಡಿದ್ದಾರೆ. ದೆವ್ವದ ಕಾಟ ಒಂದೇ ಸಂಜೆಯದು. ಮಿಠಾಯಿಯ ಕಾಟ ಸಂಕ್ರಾಂತಿಯ ಎಳ್ಳು-ಬೆಲ್ಲ ಬರುವವರೆಗೂ ಬಿಡುವುದಿಲ್ಲ.

ನಾವಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಅಕ್ಟೋಬರ್ 31ರ ಹಿಂದಿನ ವಾರಾಂತ್ಯ ನಮ್ಮ ಬಡಾವಣೆಯವರೆಲ್ಲ ಸೇರಿ ‘ಟ್ರಂಕ್ ಆರ್ ಟ್ರೀಟ್’ ಮಾಡುತ್ತಾರೆ. ಮಕ್ಕಳು ಮನೆಮನೆ ಬಾಗಿಲು ತಟ್ಟುವುದರ ಬದಲು ಪಾರ್ಕಿಂಗ್ ಲಾಟಿನಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ಅದರೊಳಗೆ ಜೇಡರ ಬಲೆ, ಪ್ಲಾಸ್ಟಿಕ್ ಅಸ್ಥಿಪಂಜರ, ಕುಂಬಳಕಾಯಿ ದೀಪ ಜೋಡಿಸಿ ಬಟ್ಟಲು ಹಿಡಿದು ಕೂರುವುದು. ವೇಷಧಾರಿಗಳು ಬಕೆಟ್ ಹಿಡಿದು ಕಾರಿಂದ ಕಾರಿಗೆ ಬರುತ್ತಾರೆ.

ಮೈಸೂರಿನಿಂದ ಬಂದಿದ್ದ ನಮ್ಮತ್ತೆಗೆ ಇದನ್ನೆಲ್ಲ ವಿವರಿಸುವ ಕಷ್ಟವೇ ಬರಲಿಲ್ಲ. “ಇದೇನು ಹೊಸದಾ? ನವರಾತ್ರೀಲಿ ಹುಡುಗ್ರೆಲ್ಲ ‘ಬೊಂಬೆ ಕೂರ್ಸಿದೀರಾ’ ಅಂತ ಬೀದಿಬೀದಿ ಸುತ್ತಿ ಬೊಂಬೆ ಬಾಗಿನ ಇಸ್ಕೊಂಡು ಬರ್ತಿರ್ಲಿಲ್ವೆ?” ಎಂದವರೇ ಅಡುಗೆಮನೆಗೆ ಹೋಗಿ ಕೊಬ್ಬರಿ ಮಿಠಾಯಿಗೆ ಪಾಕ ಇಟ್ಟರು. ಎರಡು ದೊಡ್ಡ ತಟ್ಟೆ ತುಂಬಾ ಕತ್ತರಿಸಿ ಇಟ್ಟ ಮೇಲೆ ನಮ್ಮೆಜಮಾನರು ಮೆಲ್ಲಗೆ ವಿಷಯ ತೆಗೆದರು: ಮನೆಯಲ್ಲಿ ಮಾಡಿದ್ದನ್ನು ಕೊಡುವ ಹಾಗಿಲ್ಲ, ಕಾರ್ಖಾನೆಯಲ್ಲಿ ಪ್ಯಾಕ್ ಆದದ್ದೇ ಆಗಬೇಕು. ಯಾರೋ ಸೇಬಿನೊಳಗೆ ಬ್ಲೇಡ್ ಇಟ್ಟು ಕೊಡುತ್ತಾರೆ ಎಂಬ ಹಳೆಯ ಭಯ ಈ ದೇಶದ ತಾಯಂದಿರನ್ನು ಇನ್ನೂ ಬಿಟ್ಟಿಲ್ಲ.

“ನಾನು ಬ್ಲೇಡ್ ಇಡ್ತೀನೇನೋ?”

“ನೀನಲ್ಲಮ್ಮ, ಬೇರೆಯವರು...”

“ಬೇರೆಯವರು ಇಟ್ರೆ ನನ್ನ ಕೊಬ್ಬರಿ ಮಿಠಾಯಿ ಏನ್ ಮಾಡ್ತು?”

ಇದಕ್ಕೆ ಅಮೆರಿಕದಲ್ಲಿ ಯಾರ ಹತ್ತಿರವೂ ಉತ್ತರವಿಲ್ಲ. ಆ ಎರಡು ತಟ್ಟೆಯನ್ನೂ ಮುಂದಿನ ದಿನಗಳಲ್ಲಿ ಅವರ ಮಗನೇ ಖಾಲಿ ಮಾಡಿದರು, ಪ್ರಾಯಶ್ಚಿತ್ತವಾಗಿ.

ಅವತ್ತು ಗಾಳಿ ಜೋರಾಗಿತ್ತು. ಇಲ್ಲಿ ಯಾವ ವೇಷ ಕೊಂಡರೂ ಕೊನೆಗೆ ಎಲ್ಲ ಮಕ್ಕಳದೂ ಒಂದೇ ವೇಷ, ಜಾಕೆಟ್ಟು. ಮಗಳು ಚಿಟ್ಟೆ. ರೆಕ್ಕೆಯ ಮೇಲೆ ಜಾಕೆಟ್ ಹಾಕಿದರೆ ಗೂನು ಬೆನ್ನು, ಜಾಕೆಟ್ ಮೇಲೆ ರೆಕ್ಕೆ ಕಟ್ಟಲು ಹೋದರೆ ಎಲಾಸ್ಟಿಕ್ ಫಟ್. ಅಂತೂ ಚಿಟ್ಟೆ ಮತ್ತೆ ಕೋಶದೊಳಗೆ ಸೇರಿತು. ಮಗನದು ಗಾಳಿ ತುಂಬುವ ಡೈನೋಸಾರ್. ಸೊಂಟದ ಹತ್ತಿರ ಬ್ಯಾಟರಿಯ ಪುಟ್ಟ ಫ್ಯಾನ್ ಇರುತ್ತದೆ. ಅದು ಹೊರಗಿನ ಚಳಿಗಾಳಿಯನ್ನೇ ಒಳಗೆಳೆದು ಮೈ ಉಬ್ಬಿಸುತ್ತದೆ. ಒಳಗೆ ಸ್ವೆಟರ್ ಹಾಕಿಸಿದ್ದರಿಂದ ಜಿಪ್ಪು ಅರ್ಧಕ್ಕೆ ಕಚ್ಚಿಕೊಂಡಿತು, ಗಾಳಿ ಸೋರತೊಡಗಿತು. ನಡೆಯುವಾಗ ನೆಟ್ಟಗಿರುತ್ತಿದ್ದ ಡೈನೋಸಾರಿನ ತಲೆ, ಕಾರಿನ ಮುಂದೆ ನಿಂತ ಕೂಡಲೇ ನಿಧಾನಕ್ಕೆ ಬಾಗಿ ಬಕೆಟ್ಟಿನೊಳಗೆ ಇಳಿಯುತ್ತಿತ್ತು. ಎಷ್ಟು ವಿನಯವಂತ ಮಗು ಅಂತ ಜನ ಹಿಡಿಹಿಡಿ ಹಾಕಿದರು. ಒಳಗಿನಿಂದ “ಅಮ್ಮಾ, ಕಾಣಿಸ್ತಿಲ್ಲ” ಎಂಬ ಕೂಗು ನನಗೊಬ್ಬಳಿಗೇ ಅರ್ಥವಾಗುತ್ತಿತ್ತು.

ಕೆಲವು ಕಾರುಗಳ ಮುಂದೆ ಹಸಿರು-ನೀಲಿ ಬಣ್ಣದ ಕುಂಬಳಕಾಯಿ ಇಟ್ಟಿರುತ್ತಾರೆ. ಕಡಲೆಕಾಯಿ, ಹಾಲು ಇತ್ಯಾದಿ ಅಲರ್ಜಿ ಇರುವ ಮಕ್ಕಳಿಗೆ ಅಲ್ಲಿ ಪೆನ್ಸಿಲ್, ಸ್ಟಿಕ್ಕರ್ ಸಿಗುತ್ತದೆ. 2014ರಿಂದ ದೇಶದಾದ್ಯಂತ ಹಬ್ಬಿದ ಒಳ್ಳೆಯ ಪದ್ಧತಿ. ಮಗಳ ಪ್ರಕಾರ ಅವೇ ಅತ್ಯುತ್ತಮ ಕಾರುಗಳು, ಯಾಕೆಂದರೆ ಪೆನ್ಸಿಲನ್ನು ಅಪ್ಪ ತಿನ್ನುವುದಿಲ್ಲ.

ಈ ನಡುವೆ ನಮ್ಮ ಡಿಕ್ಕಿಯ ಉಸ್ತುವಾರಿ ಅತ್ತೆಯದು. ಒಬ್ಬರಿಗೆ ಒಂದು ಅಂತ ಲೆಕ್ಕ ಹಾಕಿ ಕಾಸ್ಟ್‌ಕೋದಿಂದ ದೊಡ್ಡ ಚೀಲ ತಂದಿಟ್ಟಿದ್ದೆ. “ಒಂಟಿ ಕೊಡಬಾರದು ಕಣೇ” ಎಂದು ಅವರು ಎಲ್ಲರಿಗೂ ಎರಡೆರಡು ಹಾಕಿದರು. ಸಣಕಲು ಕಂಡ ಮಕ್ಕಳಿಗೆ ಇನ್ನೆರಡು. ಮಗುವನ್ನೆತ್ತಿಕೊಂಡು ಬಂದ ತಾಯಂದಿರಿಗೂ ಎರಡು. ಕೈ ಬೀಸಿದ ಪೊಲೀಸಪ್ಪನಿಗೂ ಎರಡು. ನಮ್ಮ ಸಾಲಿನಲ್ಲಿ ಅವರ ಮುಂದೆ ಮಾತ್ರ ಕ್ಯೂ ಬೆಳೆಯುತ್ತಾ ಹೋಯಿತು. ಇನ್ನೂ ಬೆಳಕು ಇರುವಾಗಲೇ ಚೀಲ ಖಾಲಿ. ಆ ಬೆಳಕೂ ಮಿಠಾಯಿಯ ಕೃಪೆಯೇ. ಬೇಸಿಗೆಯ ಬೆಳಕಿಗಾಗಿ ಒಂದು ಗಂಟೆ ಮುಂದಿಟ್ಟ ಗಡಿಯಾರವನ್ನು ಇಲ್ಲಿ ಮತ್ತೆ ಹಿಂದಕ್ಕೆ ತಿರುಗಿಸುವ ದಿನವನ್ನು 2007ರಿಂದ ನವೆಂಬರಿನ ಮೊದಲ ಭಾನುವಾರಕ್ಕೆ ತಳ್ಳಿದ್ದಾರೆ. ಹ್ಯಾಲೋವೀನಿಗೆ ಒಂದು ಗಂಟೆ ಬೆಳಕು ಹೆಚ್ಚು ಸಿಗಲಿ ಅಂತ ಮಿಠಾಯಿ ಕಂಪನಿಗಳು ಬಹುಕಾಲ ಬೆನ್ನುಬಿದ್ದಿದ್ದವು.

ಎದುರಿಗೆ ಒಬ್ಬ ಕಡಲ್ಗಳ್ಳ, ಇಬ್ಬರು ಮಾಟಗಾತಿಯರು, ಒಂದು ಬಾಳೆಹಣ್ಣು. ಬಟ್ಟಲು ಬರಿದು. ಅಷ್ಟು ಹೊತ್ತಿಗೆ ಡೈನೋಸಾರ್ ಬಕೆಟ್ ತುಂಬಿಸಿಕೊಂಡು ಬಂತು. ಅದರ ತಲೆ ಬಾಗಿದ ಸಮಯ ನೋಡಿ ನಾನು ಬಕೆಟ್ಟಿನಿಂದ ಎರಡು ಹಿಡಿ ಎತ್ತಿ ಬಟ್ಟಲಿಗೆ ಸುರಿದೆ. ಅತ್ತೆ ಹಂಚಿದರು. ಅದೇ ಗಳಿಗೆಯಲ್ಲಿ ಗಾಳಿ ತುಂಬಿ ತಲೆ ಮೇಲೆದ್ದಿತು. ತನ್ನ ಕಿಟ್‌ಕ್ಯಾಟ್ ಬಾಳೆಹಣ್ಣಿನ ಚೀಲಕ್ಕೆ ಇಳಿಯುವುದನ್ನು ಕಣ್ಣಾರೆ ಕಂಡ ಡೈನೋಸಾರ್ ಪಾರ್ಕಿಂಗ್ ಲಾಟ್ ನಡುಗುವಂತೆ ಅಬ್ಬರಿಸಿತು. ಸುತ್ತಲಿದ್ದವರು ನಟನೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮಗಳು ಮಾತ್ರ ಸುಮ್ಮನೆ ಹೋಗಿ ಅಜ್ಜಿಯ ಕ್ಯೂನಲ್ಲಿ ನಿಂತು, ತಮ್ಮನ ಎರಡು ಸ್ನಿಕರ್ಸ್ ಇಸಿದುಕೊಂಡು ಬಂದಳು.

ಮನೆಗೆ ಬಂದ ಮೇಲೆ ಶುರುವಾಗುವುದು ಅಸಲಿ ಕೆಲಸ. ಸಸ್ಯಾಹಾರಿಗಳ ಮನೆಯಲ್ಲಿ ಹ್ಯಾಲೋವೀನ್ ಬಕೆಟ್ ಎಂದರೆ ಏರ್‌ಪೋರ್ಟ್ ಕಸ್ಟಮ್ಸ್. ಊಟದ ಟೇಬಲ್ ಮೇಲೆ ಎಲ್ಲ ಸುರಿದು, ಜೆಲಟಿನ್ ಇರುವುದನ್ನು ಬೇರೆ ಮಾಡಬೇಕು. ಹಂದಿ, ದನಗಳ ಚರ್ಮ, ಮೂಳೆ ಬೇಯಿಸಿ ತೆಗೆಯುವ ವಸ್ತು ಅದು. ಊರಿನ ಪೊಟ್ಟಣದ ಮೇಲಿರುವ ಹಸಿರು ಚುಕ್ಕಿ ಇಲ್ಲಿಲ್ಲ. ಎಷ್ಟೋ ಪುಟ್ಟ ಪೊಟ್ಟಣಗಳ ಮೇಲೆ ಒಳಗೇನಿದೆ ಎಂದೂ ಬರೆದಿರುವುದಿಲ್ಲ. ಅದೆಲ್ಲ ದೊಡ್ಡ ಚೀಲದ ಮೇಲೆ, ಚೀಲ ಯಾರದೋ ಮನೆಯ ಕಸದಲ್ಲಿ. ನಮ್ಮೆಜಮಾನರು ಫೋನಿನಲ್ಲಿ ಹುಡುಕಿ ತೀರ್ಪು ಕೊಡುತ್ತಿದ್ದರು: ಸ್ಕಿಟಲ್ಸ್ ಪಾಸ್, ಸ್ಟಾರ್‌ಬರ್ಸ್ಟ್ ಫೇಲ್, ಮಾರ್ಷ್‌ಮೆಲೋ ಫೇಲ್. ಕ್ಯಾಂಡಿ ಕಾರ್ನ್ ಎಂಬ ಹಳದಿ-ಕೇಸರಿ ಕಾಳಿನ ಸರದಿ ಬಂದಾಗ ಅದರಲ್ಲಿ ಜೆಲಟಿನ್ ಜೊತೆಗೆ ಹೊಳಪು ಬರಿಸಲು ಅರಗೂ ಇರುತ್ತದೆ ಎಂದು ಓದಿದರು.

“ಅರಗಾ? ದುರ್ಯೋಧನ ಮನೆ ಕಟ್ಟಿಸಿದ್ನಲ್ಲ, ಅದೇ ಅರಗಾ?” ಎಂದರು ಅತ್ತೆ. ಅದೇ. “ನನ್ನ ಕೊಬ್ಬರಿ ಮಿಠಾಯಿ ಬೇಡ, ಅರಗು ಆಗತ್ತೆ!”

ಪಾಸಾದ ಮಾಲು ಮಕ್ಕಳ ನಡುವೆ ಮಾರುಕಟ್ಟೆಯಾಯಿತು. ರೀಸಸ್ ಕಪ್ಪಿನ ಬೆಲೆ ಏರಿತು, ಟೂಟ್ಸಿ ರೋಲಿಗೆ ಕೇಳುವವರಿಲ್ಲ. ಮಗಳು ತಮ್ಮನಿಗೆ ಸಾಲ ಕೊಟ್ಟು ಬಡ್ಡಿಯಾಗಿ ಟ್ವಿಕ್ಸ್ ವಸೂಲು ಮಾಡುವುದು ಗೊತ್ತಾದಾಗ ಅತ್ತೆ ಎಲ್ಲವನ್ನೂ ಅವಲಕ್ಕಿ ಡಬ್ಬಕ್ಕೆ ತುಂಬಿ ಮೇಲಿನ ಶೆಲ್ಫಿನಲ್ಲಿಟ್ಟರು. ಊಟವಾದ ಮೇಲೆ ಎರಡೆರಡು, ಒಂಟಿ ಇಲ್ಲ. ಕೆಲವು ದಂತವೈದ್ಯರು ಉಳಿದ ಮಿಠಾಯಿಯನ್ನು ಪೌಂಡಿಗೆ ಒಂದು ಡಾಲರಿನಂತೆ ಕೊಂಡು ವಿದೇಶದಲ್ಲಿರುವ ಸೈನಿಕರಿಗೆ ಕಳಿಸುತ್ತಾರೆ. ಮಗ ಡಬ್ಬವನ್ನು ತೂಕದ ಯಂತ್ರದ ಮೇಲಿಟ್ಟು ನೋಡಿ, ಈ ದರಕ್ಕೆ ಸೈನಿಕರು ತಾವೇ ಕೊಂಡುಕೊಳ್ಳಲಿ ಎಂದ.

ಫೇಲಾದ ಮಾಲನ್ನು ಆಫೀಸಿನ ಪ್ಯಾಂಟ್ರಿಯಲ್ಲಿ ಇಟ್ಟುಬರೋಣ ಎಂದು ಒಯ್ದರೆ, ಅಲ್ಲಿ ಎಲ್ಲರೂ ತಂತಮ್ಮ ಮನೆಯದನ್ನು ತಂದು ಸುರಿದಿದ್ದರು. ಚೀಲ ಹಿಡಿದು ವಾಪಸ್ ಬಂದೆ.

ಡಬ್ಬದ ಮಟ್ಟ ದಿನಕ್ಕೆ ನಾಲ್ಕರ ಲೆಕ್ಕಕ್ಕಿಂತ ಬೇಗ ಇಳಿಯುತ್ತಿತ್ತು. ಕಳ್ಳ ಸಿಕ್ಕಿದ್ದು ಡ್ರೈಯರಿನಲ್ಲಿ. ಕನ್ನಡ ಕೂಟದ ರಾಜ್ಯೋತ್ಸವಕ್ಕೆಂದು ಒಗೆಯಲು ಹಾಕಿದ್ದ ಬಿಳಿ ಜುಬ್ಬಾದ ಜೊತೆಯಲ್ಲೇ ನಮ್ಮೆಜಮಾನರ ಪ್ಯಾಂಟೂ ಸುತ್ತಿತ್ತು. ಅದರ ಜೇಬಿನಲ್ಲಿದ್ದ ಚಾಕೊಲೇಟು ಕರಗಿ ಜುಬ್ಬಾದ ಹೊಟ್ಟೆಯ ಮೇಲೆ ಕಂದು ಬಣ್ಣದ ಭೂಪಟ ಬರೆದಿತ್ತು. ಬೇರೆ ಜುಬ್ಬಾ ಇಲ್ಲ. ಅವರು ಹಳದಿ-ಕೆಂಪು ಶಲ್ಯವನ್ನು ಹೊಟ್ಟೆಯ ಮೇಲೆ ಅಡ್ಡಲಾಗಿ ಹೊದ್ದು, ನಾಡಗೀತೆ ಮುಗಿಯುವವರೆಗೂ ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದು ವೇದಿಕೆಯ ಮೇಲೆ ನಿಂತಿದ್ದರು. ಕನ್ನಡದ ಮೇಲೆ ಎಷ್ಟು ಅಭಿಮಾನ ಅಂತ ಪಕ್ಕದವರು ನನ್ನ ಹತ್ತಿರ ಹೇಳಿದರು.

ಕಾರ್ಯಕ್ರಮ ಮುಗಿದ ಮೇಲೆ ಹಾಡಿದ ಮಕ್ಕಳಿಗೆಲ್ಲ ಸಮಿತಿಯವರು ಒಂದೊಂದು ಉಡುಗೊರೆ ಚೀಲ ಕೊಟ್ಟರು. ಮಗ ಅಲ್ಲೇ ಬಿಚ್ಚಿದ. ಒಂದು ಪೆನ್ಸಿಲ್, ಪುಟ್ಟ ಕನ್ನಡ ಬಾವುಟ, ಅದರ ಕೆಳಗೆ ಕುಂಬಳಕಾಯಿ ಚಿತ್ರದ ಪೊಟ್ಟಣದಲ್ಲಿ ಕ್ಯಾಂಡಿ ಕಾರ್ನ್.

ಅತ್ತೆ ಕನ್ನಡಕ ಏರಿಸಿ ನೋಡಿದರು. “ಒಂದೇ ಕೊಟ್ಟಿದಾರಲ್ಲೋ,” ಎಂದವರೇ ಇನ್ನೊಂದು ಕೇಳಲು ಸಮಿತಿಯವರ ಕಡೆ ಹೊರಟರು.