ಕರಗುವ ಮೇಣದ ಅಳಲು

ಮಂಗಳೂರಿನ ಕಡಲಲ್ಲಿ ಸರ್ಫಿಂಗ್ ಮಾಡುವ ನನ್ನ ಪಾಲಿಗೆ ಶತ್ರು ಅಲೆಯಲ್ಲ, ಹಲಗೆಯ ಮೇಲೆ ಕಾಲು ಜಾರದಿರಲೆಂದು ಹಚ್ಚುವ ಮೇಣ. ನೀರಿನ ಉಷ್ಣತೆಗೆ ತಕ್ಕಂತೆ ಇದನ್ನು ಬೇರೆ ಬೇರೆ ಗಡಸಿನಲ್ಲಿ ತಯಾರಿಸುತ್ತಾರೆ. ತಣ್ಣನೆಯ ನೀರಿಗೆ ಮೆತ್ತಗಿನದು, ಬೆಚ್ಚನೆಯ ನೀರಿಗೆ ಗಟ್ಟಿಯಾದದ್ದು. ಬೇಸಗೆಯಲ್ಲಿ ನಮ್ಮ ಅರಬ್ಬೀ ಸಮುದ್ರದ ನೀರೇ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವುದರಿಂದ, ‘ಟ್ರಾಪಿಕಲ್’ ಎಂದು ನಮೂದಿಸಿದ ಗಟ್ಟಿ ಮೇಣವೇ ಬೇಕೆಂದು ಸ್ಪಷ್ಟವಾಗಿ ಬರೆದು ತರಿಸಿಕೊಂಡರೂ, ಮಾರಾಟಗಾರರು ಎರಡು ಬಾರಿ ತಣ್ಣೀರಿನ ಮೇಣವನ್ನೇ ಕಳುಹಿಸಿದ್ದಾರೆ. (ವಿಳಾಸದಲ್ಲಿದ್ದ ‘ತಣ್ಣೀರುಬಾವಿ’ ಎಂಬ ಹೆಸರನ್ನು ಕಂಡು ಮೋಸಹೋದರೋ ಏನೋ!) ಅದನ್ನೇ ಹಚ್ಚಿದರೆ ಹಲಗೆಯ ಮೇಲೆ ಬೆಣ್ಣೆ ಸವರಿದಂತಾಗುತ್ತದೆ, ಎದ್ದು ನಿಲ್ಲುವ ಮೊದಲೇ ಕಾಲು ಜಾರಿ ಉಪ್ಪುನೀರು ಕುಡಿಯಬೇಕಾಗುತ್ತದೆ.

ಸರಿಯಾದ ಮೇಣ ದೊರೆತರೂ ನೆಮ್ಮದಿಯಿಲ್ಲ. ಹತ್ತು ಗಂಟೆಯ ಬಿಸಿಲಿನಲ್ಲಿ ಹಲಗೆಯನ್ನು ಕಾರಿನ ಮೇಲೆ ಕಟ್ಟಿ, ಒಂದು ಎಳನೀರು ಕುಡಿದು ಬರುವಷ್ಟರಲ್ಲಿ ಮೇಣ ಕರಗಿ ಗಾಜಿನ ಮೇಲೆ ಇಳಿದಿರುತ್ತದೆ. ಉಳಿದದ್ದಕ್ಕೆ ಮರಳು ಮೆತ್ತಿಕೊಂಡು, ಮರುದಿನ ಹಲಗೆಯ ಮೇಲೆ ಮಲಗಿದವನ ಎದೆಯ ಚರ್ಮವನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಹಾಗಾಗಿ ಈಗ ಗಾಳಿಮರದ ನೆರಳಿರುವ ಜಾಗಕ್ಕಾಗಿಯೇ ಬೆಳಗಿನ ಆರು ಗಂಟೆಗೆ ಹೊರಡುತ್ತಿದ್ದೇನೆ. ಆ ಜಾಗದಲ್ಲಿ ಯಾರದ್ದೋ ಸ್ಕೂಟರ್ ಮೊದಲೇ ನಿಂತಿರುತ್ತದೆ.