ಪುಣ್ಯತಿಥಿಗೆ ಬಾಳೆಹಣ್ಣು ಬೇಡ, ಬಸ್ ಚಾರ್ಜ್ ಕೊಡಿ

ಅಪ್ಪನ ವರ್ಷಾಬ್ದಿಕ, ಅಮ್ಮನ ಪುಣ್ಯಸ್ಮರಣೆ ಅಂತ ಆಸ್ಪತ್ರೆಯಲ್ಲಿ ಹಣ್ಣು ಹಂಚುವ ಪದ್ಧತಿ ನಮ್ಮ ಮೈಸೂರು-ಮಂಡ್ಯ ಕಡೆ ಇನ್ನೂ ಜೋರಾಗಿಯೇ ಇದೆ. ಬುಟ್ಟಿ ತುಂಬ ಬಾಳೆಹಣ್ಣು, ಮೂಸಂಬಿ, ಮದ್ದೂರಿನ ಎಳನೀರು, ಒಂದೊಂದು ಬ್ರೆಡ್ ಪ್ಯಾಕು, ಹಿಂದೆ ಫ್ಲೆಕ್ಸು, ಮುಂದೆ ಫೋಟೋ. ಮನಸ್ಸು ಒಳ್ಳೆಯದೇ. ಆದರೆ ಈ ಬುಟ್ಟಿ ಡಯಾಲಿಸಿಸ್ ಘಟಕದ ಬಾಗಿಲಿಗೆ ಬಂದರೆ ಅಲ್ಲಿನ ಸಿಸ್ಟರ್‌ಗಳಿಗೆ ಎದೆ ಧಸಕ್ ಅನ್ನುತ್ತೆ. ಕಿಡ್ನಿ ಕೈಕೊಟ್ಟವರ ಮೈಯಿಂದ ಪೊಟ್ಯಾಶಿಯಂ ಹೊರಗೆ ಹೋಗುವ ದಾರಿ ಮುಚ್ಚಿರುತ್ತೆ. ಒಂದು ಎಳನೀರಿನಲ್ಲೇ 500 ಮಿಲಿಗ್ರಾಂ ದಾಟುವಷ್ಟು ಇರುತ್ತೆ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತ ಏರುಪೇರಾಗಿ ನಿಂತೇ ಹೋಗಬಹುದು. ನೀರನ್ನೂ ಅಳತೆ ಮಾಡಿ ಕುಡಿಯುವ ಜನ ಅವರು. ದೊಡ್ಡವರು ಪ್ರೀತಿಯಿಂದ ಕೊಟ್ಟಿದ್ದನ್ನು ಬೇಡ ಅನ್ನಲಾರದೆ ತಿಂದುಬಿಡುತ್ತಾರೆ.

ತಿಥಿ ಊಟ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅದು ಮನೆಯವರಿಗೂ ನಂಟರಿಗೂ ಬೇಕಾದ ಊಟ, ನಡೆಯಲಿ. ಆದರೆ ಕಾಯಿಲೆಯಲ್ಲಿ ಒಬ್ಬರನ್ನು ಕಳೆದುಕೊಂಡ ಮನೆಗೆ, ದುಡ್ಡಿದ್ದ ಮಾತ್ರಕ್ಕೆ ದಾನಿಗಳಿಗೆ ಗೊತ್ತಾಗದ ಒಂದು ವಿಷಯ ಗೊತ್ತಿರುತ್ತೆ: ಯಾವ ಖರ್ಚಿಗೆ ಯಾರೂ ಕೊಡುವುದಿಲ್ಲ ಅನ್ನೋದು. ಕೊಡುವುದಾದರೆ ಅಲ್ಲಿಗೇ ಕೊಡಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಆಪರೇಷನ್ನು, ವಾರ್ಡು, ಒಳಗಿನ ಔಷಧಿ ಇದರಲ್ಲಿ ಬರುತ್ತವೆ. ಬಾರದೇ ಇರುವುದು ಆಸ್ಪತ್ರೆ ಗೇಟಿನ ಹೊರಗಿನದು. ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಮಂಡ್ಯ, ಚಾಮರಾಜನಗರ, ಕೊಡಗು, ಹಾಸನದಿಂದೆಲ್ಲ ಜನ ಬರುತ್ತಾರೆ. ಜೊತೆಗೆ ಬಂದವರ ಊಟ, ರಾತ್ರಿ ಮಲಗೋ ಜಾಗ, ಕೂಲಿ ಬಿಟ್ಟ ದಿನಗಳು, ಡಿಸ್ಚಾರ್ಜ್ ಆದಮೇಲಿನ ಮಾತ್ರೆ, ಡೈಪರ್, ಮತ್ತೆ ತೋರಿಸೋಕೆ ಬರುವ ಖರ್ಚು, ಇವಕ್ಕೆ ಯಾವ ಕಾರ್ಡೂ ಇಲ್ಲ. ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಅಂದರೆ ವಾರಕ್ಕೆ 5 ದಿನ, ಐದಾರು ವಾರ. ಯಂತ್ರದ ಕೆಳಗೆ ಮಲಗೋದು ಹದಿನೈದಿಪ್ಪತ್ತು ನಿಮಿಷ ಅಷ್ಟೇ. ಅದಕ್ಕಾಗಿ ಚಾಮರಾಜನಗರ ಜಿಲ್ಲೆಯ ಹನೂರಿನ ಕಡೆಯವರು ತಿಂಗಳ ಮೇಲೆ ಊರು ಬಿಟ್ಟಿರಬೇಕು. ಎಷ್ಟೋ ಜನ ಮೂರನೇ ವಾರಕ್ಕೆ ಬರೋದನ್ನೇ ಬಿಡುತ್ತಾರೆ. ಚಿಕಿತ್ಸೆ ಪುಕ್ಕಟೆ, ರೂಮು ಪುಕ್ಕಟೆ ಅಲ್ಲ.

ಡಯಾಲಿಸಿಸ್ ಲೆಕ್ಕ ಹಾಕಿ ನೋಡಿ. ಸರಿಯಾಗಿ ಮಾಡಿಸಿದರೆ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ, ವರ್ಷಕ್ಕೆ 156 ಸಲ. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸೂ ಉಚಿತ. ಗಂಡಸು ರೋಗಿ ಟಿಕೆಟ್ ತಗೋಬೇಕು. ಸೂಜಿ ತೆಗೆದಮೇಲೆ ಬಿಪಿ ಇಳಿದು ತಲೆ ತಿರುಗುತ್ತಿರುತ್ತೆ, ಬಸ್ ಸ್ಟ್ಯಾಂಡಿನವರೆಗೆ ನಡೆಯೋಕಾಗಲ್ಲ, ಆಟೋ ಬೇಕೇ ಬೇಕು. ಬಸ್ಸು-ಆಟೋ ಸೇರಿ ದಿನಕ್ಕೆ 200 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 31,200. ಇದು ಹೊಂದದೆ ಜನ ವಾರಕ್ಕೆ ಎರಡೇ ಸಲ ಬರುತ್ತಾರೆ, ಆಮೇಲೆ ಅದೂ ತಪ್ಪುತ್ತೆ. ಒಂದು ಸಲ ತಪ್ಪಿದರೆ ನೀರು ಶ್ವಾಸಕೋಶಕ್ಕೆ ತುಂಬಿ, ರಾತ್ರಿ ಮಲಗೋಕಾಗದೆ ಎದ್ದು ಕೂತು, ಬೆಳಗಿನ ಜಾವ ಆಂಬುಲೆನ್ಸ್. ಒಬ್ಬ ರೋಗಿಗೆ ಒಂದು ವರ್ಷದ ಓಡಾಟದ ಖರ್ಚು ಅಂತ ಹೆಸರಿಟ್ಟುಕೊಂಡು ಕೊಟ್ಟರೆ, ಅದು ಒಂದು ಮಧ್ಯಮ ಗಾತ್ರದ ತಿಥಿಯ ಶಾಮಿಯಾನ-ಫ್ಲೆಕ್ಸಿನ ದುಡ್ಡಿಗಿಂತ ಹೆಚ್ಚೇನೂ ಆಗಲ್ಲ.

ಕೊಡೋದು ಹೇಗೆ? ಒಟ್ಟಿಗೆ ಕೈಗೆ ಕೊಡಬೇಡಿ, ಅದು ಸಾಲಕ್ಕೋ ಮಗಳ ಫೀಸಿಗೋ ಹೋಗುತ್ತೆ. ತಪ್ಪೇನಲ್ಲ, ಆದರೆ ಡಯಾಲಿಸಿಸ್ ನಿಲ್ಲುತ್ತೆ. ಘಟಕದ ಹಾಜರಿ ಪುಸ್ತಕ ನೋಡಿ ತಿಂಗಳಿಗೊಮ್ಮೆ, ಬಂದ ದಿನಗಳ ಲೆಕ್ಕದಲ್ಲಿ ಖಾತೆಗೆ ಹಾಕಿ. ಔಷಧಿಗಾದರೆ ಆಸ್ಪತ್ರೆ ಹತ್ತಿರದ ಒಂದು ಮೆಡಿಕಲ್ ಸ್ಟೋರಿನಲ್ಲಿ ಮುಂಗಡ ಇಟ್ಟು, ಡಾಕ್ಟರ ಚೀಟಿ ತಂದವರಿಗೆ ಅವರ ಹೆಸರಲ್ಲೇ ಬಿಲ್ ಮಾಡಿ ಕೊಡಿ ಅಂತ ಹೇಳಿ. ತಿಂಗಳ ಕೊನೆಗೆ ಬಿಲ್ಲಿನ ಜೊತೆ ಚೀಟಿಯ ಪ್ರತಿಯನ್ನೂ ಕೇಳಿ. ರಕ್ತ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್ನನ್ನು ಒಟ್ಟಿಗೆ ಕೊಂಡು ಹಂಚೋ ಉತ್ಸಾಹ ಬೇಡ. ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ನಿಮ್ಮ ಕಾರಿನ ಡಿಕ್ಕಿಯಲ್ಲಿ ಅರ್ಧ ದಿನ ಇದ್ದರೆ ಕೆಲಸಕ್ಕೆ ಬರಲ್ಲ. ಆಸ್ಪತ್ರೆ ಬಿಲ್ಲಿಗೆ ನೆರವಾಗೋದಾದರೆ ಒಳರೋಗಿ ನಂಬರ್ ಕೇಳಿಕೊಂಡು ಬಿಲ್ಲಿಂಗ್ ಕೌಂಟರಿನಲ್ಲೇ ಕಟ್ಟಿ ರಸೀದಿ ತಗೊಳ್ಳಿ. ವಾಟ್ಸಾಪಿನಲ್ಲಿ ಓಡಾಡೋ ಕ್ಯೂಆರ್ ಕೋಡಿಗೆ ಹಾಕಬೇಡಿ.

ಇಷ್ಟಾದರೂ ಹೆಚ್ಚಿನ ದಾನಿಗಳಿಗೆ ಯಂತ್ರವನ್ನೇ ಕೊಡಬೇಕು ಅಂತ ಆಸೆ. ಯಂತ್ರದ ಮೇಲೆ ಹೆಸರು ಬರೆಸಬಹುದು, ಆಟೋ ಚಾರ್ಜಿನ ಮೇಲೆ ಬರೆಸೋಕಾಗಲ್ಲವಲ್ಲ! ಸರಿ, ಕೊಡಿ. ಆದರೆ ತಿಳಿದು ಕೊಡಿ. ಡಯಾಲಿಸಿಸ್ ಯಂತ್ರ ನಿಮಿಷಕ್ಕೆ 500 ಮಿಲಿಲೀಟರ್ ದ್ರಾವಣ ಹರಿಸುತ್ತೆ, ಅಂದರೆ ಒಬ್ಬರಿಗೆ ಒಂದು ಸಲಕ್ಕೆ 120 ಲೀಟರ್ ಶುದ್ಧ ನೀರು. ಆ ನೀರು ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಸಾಫ್ಟ್‌ನರ್ ದಾಟಿ ಆರ್‌ಓ ಪೊರೆಗೆ ಬರಬೇಕು. ಇದ್ದಿಲು ಹಳತಾದರೆ ನಲ್ಲಿ ನೀರಿನ ಕ್ಲೋರಿನ್ ಉಳಿದು ರಕ್ತಕಣಗಳನ್ನೇ ಒಡೆಯುತ್ತೆ. ಸಾಫ್ಟ್‌ನರ್‌ಗೆ ಹೊತ್ತುಹೊತ್ತಿಗೆ ಉಪ್ಪು ಹಾಕದಿದ್ದರೆ ಬೋರ್‌ವೆಲ್ಲಿನ ಗಡಸು ನೀರಿಗೆ ಆರ್‌ಓ ಪೊರೆ ಸುಣ್ಣ ಕಟ್ಟಿಕೊಂಡು ಕೂರುತ್ತೆ. ಹಾಗಾಗಿ ನಾಲ್ಕು ಯಂತ್ರಕ್ಕೆ ಸಾಲುವ ಆರ್‌ಓ ಇರುವಲ್ಲಿ ನೀವು ಐದನೆಯದನ್ನು ಕೊಟ್ಟರೆ ಅದು ಹೊದಿಕೆ ಹೊದ್ದು ಮೂಲೆ ಸೇರುತ್ತೆ. ಟೆಕ್ನಿಷಿಯನ್ ಹುದ್ದೆ ಖಾಲಿ ಇದ್ದರೂ ಅದೇ ಗತಿ. ಬೆಲೆ ಕೇಳುವಾಗಲೇ ಸರ್ವೀಸ್ ಒಪ್ಪಂದವನ್ನೂ ಕೇಳಿ: ಎಎಂಸಿ ಅಂದರೆ ಸಾಮಾನ್ಯವಾಗಿ ರಿಪೇರಿ ಕೂಲಿ ಮಾತ್ರ, ಸಿಎಂಸಿ ಅಂದರೆ ಬಿಡಿಭಾಗವೂ ಸೇರಿ. ವಾರಂಟಿ ಮುಗಿದಮೇಲಿನ ಐದು ವರ್ಷದ ಸಿಎಂಸಿಗೂ ದುಡ್ಡು ತೆಗೆದಿಡಲು ಆಗದಿದ್ದರೆ ಯಂತ್ರ ಬೇಡ. ಹಳೇ ಆರ್‌ಓ ಪೊರೆ ಬದಲಿಸಿಕೊಡಿ, ನಾಲ್ಕೂ ಯಂತ್ರ ಓಡುತ್ತವೆ.

ಕಾಗದಪತ್ರದ ದಾರಿಯೂ ಬೇರೆ ಬೇರೆ. ಕೆ.ಆರ್. ಆಸ್ಪತ್ರೆ, ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್, ಇವು ವೈದ್ಯಕೀಯ ಶಿಕ್ಷಣ ಇಲಾಖೆಯ ಕೆಳಗೆ ಬರುತ್ತವೆ, ಅಲ್ಲಿ ವೈದ್ಯಕೀಯ ಅಧೀಕ್ಷಕರಿಗೆ ಪತ್ರ. ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದ್ದು, ಅಲ್ಲಿ ಆಡಳಿತ ವೈದ್ಯಾಧಿಕಾರಿ ಮತ್ತು ಆರೋಗ್ಯ ರಕ್ಷಾ ಸಮಿತಿ. ಮೊದಲು ‘ನಿಮಗೆ ಏನು ಬೇಕು’ ಅಂತ ಲಿಖಿತವಾಗಿ ಕೇಳಿ, ಮಾಡೆಲ್ ಸಮೇತ ಒಪ್ಪಿಗೆ ಪತ್ರ ಬಂದಮೇಲೇ ಆರ್ಡರ್ ಕೊಡಿ. ಸಾಮಾನು ಇಳಿದ ದಿನ ಸ್ಟಾಕ್ ರಿಜಿಸ್ಟರಿನಲ್ಲಿ ಏರಿಸಿದ ಪುಟದ ಪ್ರತಿ ತಗೊಳ್ಳಿ. ಏರಿಸದ ಸಾಮಾನಿಗೆ ರಿಪೇರಿ ದುಡ್ಡು ಕೇಳೋಕೆ ಆಸ್ಪತ್ರೆಯವರಿಗೂ ದಾರಿಯಿರಲ್ಲ.

ಹೋದವರ ಕೋಣೆಯಲ್ಲಿ ಉಳಿದ ಸಾಮಾನಿನ ವಿಷಯ ಬೇರೆ. ತಲೆ-ಕಾಲಿನ ಕಡೆ ಎತ್ತಿ ಇಳಿಸೋ ಫೌಲರ್ ಕಾಟು, ಏರ್ ಬೆಡ್ಡು, ವಾಕರ್ರು, ಕಮೋಡ್ ಕುರ್ಚಿ, ಆಕ್ಸಿಜನ್ ಕಾನ್ಸಂಟ್ರೇಟರ್. ನೋಡೋಕಾಗದೆ ಅಟ್ಟಕ್ಕೆ ಹಾಕುತ್ತಾರೆ, ಎರಡು ವರ್ಷ ಬಿಟ್ಟು ಕೊಡೋಣ ಅನ್ನೋ ಹೊತ್ತಿಗೆ ಎಲ್ಲ ಹಾಳಾಗಿರುತ್ತೆ. ಕಾನ್ಸಂಟ್ರೇಟರ್ ಒಳಗೆ ಗಾಳಿಯ ನೈಟ್ರೋಜನ್ ಹಿಡಿದಿಡುವ ಜಿಯೋಲೈಟ್ ಹರಳಿರುತ್ತೆ. ಓಡಿಸದೆ ಬಿಟ್ಟರೆ ಅದು ತೇವ ಹೀರಿಕೊಂಡು ಶಕ್ತಿ ಕಳೆದುಕೊಳ್ಳುತ್ತೆ. ಯಂತ್ರ ಸದ್ದು ಮಾಡುತ್ತೆ, ಗಾಳಿಯೂ ಬರುತ್ತೆ, ಆದರೆ ಶೇ 90ರ ಮೇಲಿರಬೇಕಾದ ಆಮ್ಲಜನಕ 70ಕ್ಕೆ ಇಳಿದಿರುತ್ತೆ. 2021ರ ಕೋವಿಡ್ ಅಲೆಯಲ್ಲಿ ಬಂದು ಕಪಾಟು ಸೇರಿದ ಎಷ್ಟೋ ಯಂತ್ರಗಳ ಕಥೆ ಇದೇ. ಕೊಡುವ ಮುಂಚೆ ಅರ್ಧ ಗಂಟೆ ಓಡಿಸಿ, ಆಕ್ಸಿಜನ್ ಅನಲೈಸರ್ ಇಟ್ಟು ಶುದ್ಧತೆ ನೋಡಿಸಿ, ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಗಂಟೆ ಮೀಟರಿನ ಅಂಕಿ ಬರೆದಿಡಿ, ಹಿಂಬದಿಯ ಸ್ಪಂಜಿನ ಫಿಲ್ಟರ್ ತೊಳೆದು ಒಣಗಿಸಿ. ಮೂಗಿನ ನಳಿಕೆ, ತೇವದ ಬಾಟಲಿ ಮಾತ್ರ ಹಳೆಯದನ್ನು ಎಸೆದು ಹೊಸದು ಹಾಕಿ. ಹಳ್ಳಿ ಮನೆಗೆ ಹೋಗುವುದಾದರೆ ಸ್ಟೆಬಿಲೈಜರ್ ಸಮೇತ ಕೊಡಿ, ಕರೆಂಟು ಹೋದಾಗ ಏನು ಮಾಡ್ತಾರೆ ಅಂತಲೂ ಕೇಳಿ.

ಏರ್ ಬೆಡ್ಡಿನಲ್ಲಿ ಕೆಡೋದು ಪಂಪು. ಎರಡು ನಳಿಕೆಯಲ್ಲೂ ಸರದಿ ಮೇಲೆ ಗಾಳಿ ಬರುತ್ತಾ ಅಂತ ಅಂಗೈ ಒಡ್ಡಿ ನೋಡಿ. ಒಂದು ಸಾಲು ಸದಾ ಉಬ್ಬಿ ಇನ್ನೊಂದು ಸದಾ ಸೊರಗಿದ್ದರೆ ಬೆನ್ನಿನ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತೆ. ಬೆಡ್ ಚೆನ್ನಾಗಿದ್ದರೂ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಲೇಬೇಕು ಅನ್ನೋದನ್ನು ತಗೊಂಡು ಹೋಗೋರಿಗೆ ಬಾಯಿಬಿಟ್ಟು ಹೇಳಿ.

ಬೀದಿಯ ನಾಲ್ಕು ಮನೆಯವರು ಸೇರಿ ಇಂಥ ಸಾಮಾನನ್ನು ಎರವಲು ಕೊಡೋ ವ್ಯವಸ್ಥೆ ಮಾಡಬಹುದು. ಬೇಕಾಗಿರೋದು ಒಂದು ರಿಜಿಸ್ಟರು, ಪ್ರತಿ ಸಾಮಾನಿನ ಮೇಲೆ ಆಯಿಲ್ ಪೇಂಟಿನಲ್ಲಿ ನಂಬರು, ವಾಪಸ್ ಕೊಡುವ 500 ರೂಪಾಯಿ ಠೇವಣಿ, ಇಬ್ಬರ ಫೋನ್ ನಂಬರು. ಸಾಮಾನು ವಾಪಸ್ ಬಾರದೇ ಇರೋದಕ್ಕೆ ಕಳ್ಳತನ ಕಾರಣ ಅಲ್ಲ. ರೋಗಿ ಹೋಗಿರುತ್ತಾರೆ, ಮನೆಯವರಿಗೆ ಆ ಕೋಣೆಗೆ ಹೋಗೋಕೆ ಮನಸ್ಸಿರಲ್ಲ. ‘ನಾವೇ ಬಂದು ತಗೊಂಡು ಹೋಗ್ತೀವಮ್ಮ’ ಅಂತ ಫೋನ್ ಮಾಡಿದರೆ ಸಾಕು, ಹಗುರ ಆಯ್ತು ಅನ್ನೋ ಹಾಗೆ ಕೊಡುತ್ತಾರೆ.

ಉಳಿದ ಮಾತ್ರೆ: ಕತ್ತರಿಸದ, ಬ್ಯಾಚ್ ನಂಬರು ಮತ್ತು ಅವಧಿ ಕಾಣುವ, ಕನಿಷ್ಠ ಆರು ತಿಂಗಳು ಬಾಕಿ ಇರುವ ಸ್ಟ್ರಿಪ್ ಮಾತ್ರ, ಅದೂ ಡಾಕ್ಟರ್ ಇರುವ ದತ್ತಿ ಕ್ಲಿನಿಕ್ ತಗೊಳ್ಳೋಕೆ ಒಪ್ಪಿದರೆ. ಇನ್ಸುಲಿನ್, ಸಿರಪ್ಪು, ಕಣ್ಣಿನ ಡ್ರಾಪ್ಸ್ ಬೇಡ. ಮಾರ್ಫಿನ್ ಮಾತ್ರೆಯನ್ನಂತೂ ಪಕ್ಕದ ಮನೆಯ ಕ್ಯಾನ್ಸರ್ ರೋಗಿಗೂ ಕೊಡಬೇಡಿ. ಅದು ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಲೆಕ್ಕದ ಔಷಧಿ, ಅದನ್ನು ಕೊಟ್ಟ ಉಪಶಮನ (ನೋವು ತಗ್ಗಿಸುವ ಆರೈಕೆಯ) ಕೇಂದ್ರಕ್ಕೇ ಹಿಂದಿರುಗಿಸಬೇಕು.

ದುಃಖದಿಂದ ಆಸ್ಪತ್ರೆ ಕಟ್ಟೋದು ಮೈಸೂರಿಗೆ ಹೊಸದಲ್ಲ. ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಅಂತ ನಾವು ಬಾಯ್ತುಂಬ ಕರೆಯೋದು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯ ಆರೋಗ್ಯಧಾಮ. ಆಕೆಯನ್ನೂ ಆಕೆಯ ಹೆಣ್ಣುಮಕ್ಕಳನ್ನೂ ಬಲಿ ತೆಗೆದುಕೊಂಡದ್ದು ಅದೇ ಕ್ಷಯ. ಅರಮನೆಯವರು ಕಟ್ಟಡ ಕಟ್ಟಿದರು, ನಮಗೆ ಅಷ್ಟು ಬೇಕಿಲ್ಲ. 2022ರಿಂದ ನಿಕ್ಷಯ್ ಮಿತ್ರ ಅಂತ ಒಂದು ವ್ಯವಸ್ಥೆ ಇದೆ: ಒಪ್ಪಿಗೆ ಕೊಟ್ಟ ಕ್ಷಯರೋಗಿಗೆ ಕನಿಷ್ಠ ಆರು ತಿಂಗಳು ಆಹಾರದ ಕಿಟ್ ಕೊಡೋದು. ದೊಡ್ಡವರಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ, ಒಂದೂವರೆ ಕೆ.ಜಿ. ಬೇಳೆಕಾಳು, ಕಾಲು ಕೆ.ಜಿ. ಎಣ್ಣೆ, ಜೊತೆಗೆ 1 ಕೆ.ಜಿ. ಹಾಲಿನ ಪುಡಿ ಅಥವಾ ಕಡಲೆಕಾಯಿ ಬೀಜ. ನಮ್ಮಲ್ಲಿ ರಾಗಿ, ಹುರುಳಿಕಾಳು ಹಾಕಿದರೆ ಅಡುಗೆಗೂ ಒಗ್ಗುತ್ತೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೂ ಪಡಿತರ ಕೊಟ್ಟಾಗ ಆ ಮನೆಗಳಲ್ಲಿ ಹೊಸ ಕ್ಷಯ ಶೇ 39ರಷ್ಟು ಕಡಿಮೆಯಾಗಿತ್ತು. ಆದ್ದರಿಂದ ಕಿಟ್ಟು ಮನೆಮಂದಿಗೆಲ್ಲ ಸಾಲುವಷ್ಟು ಕೊಡಿ. ಎರಡನೇ ತಿಂಗಳಿಗೆ ಕೆಮ್ಮು ನಿಂತು ರೋಗಿಗೆ ಹುಷಾರಾದ ಹಾಗೆ ಕಂಡಾಗ ದಾನಿಗಳೂ ನಿಲ್ಲಿಸುತ್ತಾರೆ, ರೋಗಿಯೂ ಮಾತ್ರೆ ನಿಲ್ಲಿಸುತ್ತಾನೆ. ಕೆಡುವುದೇ ಅಲ್ಲಿ.

ಇನ್ನು ದತ್ತಿ ನಿಧಿ. 1 ಲಕ್ಷ ಠೇವಣಿ ಇಟ್ಟು ‘ಬಡ್ಡಿಯಲ್ಲಿ ಪ್ರತಿ ವರ್ಷ’ ಅಂತ ಬರೆದುಕೊಡುತ್ತಾರೆ. ಶೇ 7ರ ಬಡ್ಡಿ ಅಂದರೆ ವರ್ಷಕ್ಕೆ 7,000, ತಿಂಗಳಿಗೆ 600 ರೂಪಾಯಿಯೂ ಇಲ್ಲ. ಹತ್ತು ವರ್ಷ ಕಳೆದರೆ ಅದರ ಬೆಲೆ ಅರ್ಧಕ್ಕರ್ಧ ಇಳಿದಿರುತ್ತೆ, ಸಹಿ ಹಾಕಬೇಕಾದ ಅಧಿಕಾರಿ ಮೂರು ಸಲ ಬದಲಾಗಿರುತ್ತಾರೆ, ಠೇವಣಿ ಪತ್ರ ಯಾವ ಬೀರುವಿನಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ. ಅದೇ ಲಕ್ಷವನ್ನು ಮೂರು ವರ್ಷದಲ್ಲಿ ಖರ್ಚು ಮಾಡಿ ಮುಗಿಸಿ ಅಂತ ಷರತ್ತು ಹಾಕಿ ಕೊಡೋದೇ ಮೇಲು. ಕೆಲವೇ ಲಕ್ಷಕ್ಕೆ ಅಪ್ಪನ ಹೆಸರಲ್ಲಿ ಟ್ರಸ್ಟ್ ಮಾಡೋದೂ ಬೇಡ: ಡೀಡು, ಪ್ಯಾನು, ಆದಾಯ ತೆರಿಗೆಯ ನೋಂದಣಿ, ಅದರ ನವೀಕರಣ, ವರ್ಷಾವರ್ಷ ರಿಟರ್ನು. ಬಡ್ಡಿಯೆಲ್ಲ ಆಡಿಟರಿಗೇ ಹೋಗುತ್ತೆ. ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ (80ಜಿ ಅನ್ನೋದು) ಬೇಕಿದ್ದರೆ ನೆನಪಿಡಿ, 2,000 ರೂಪಾಯಿ ದಾಟಿದ ನಗದಿಗೆ ಸಿಗಲ್ಲ, ಸಾಮಾನಾಗಿ ಕೊಟ್ಟದ್ದಕ್ಕೂ ಸಿಗಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗಂತೂ ಇಲ್ಲವೇ ಇಲ್ಲ.

ದುಡ್ಡಿಲ್ಲದೆ ಕೊಡಬಹುದಾದದ್ದು ಕಣ್ಣು, ಆದರೆ ಅದಕ್ಕೆ ವರ್ಷಾಬ್ದಿಕದವರೆಗೆ ಪುರಸೊತ್ತಿಲ್ಲ. ಆರು ಗಂಟೆಯೊಳಗೆ ಆಗಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಾರ್ನಿಯಾಗಳನ್ನು (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಪದರಪದರವಾಗಿ ಬಿಡಿಸಿ ನಾಲ್ವರಿಗೆ ಹಾಕಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಸಾವಿರಾರು ಜನ ನೋಂದಾಯಿಸಿದರು. ಆದರೆ ನೋಂದಣಿ ಕಾರ್ಡು ಪರ್ಸಿನಲ್ಲೇ ಉಳಿಯುತ್ತೆ, ಫೋನ್ ಮಾಡಬೇಕಾದವರು ಮನೆಯವರು. ನೇತ್ರ ಬ್ಯಾಂಕಿಗೆ ಹೇಳಿ, ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಡಿ. ಹದಿನೈದಿಪ್ಪತ್ತು ನಿಮಿಷದ ಕೆಲಸ, ಮುಖ ವಿಕಾರ ಆಗಲ್ಲ. ಸಕ್ಕರೆ ಕಾಯಿಲೆ, ಕನ್ನಡಕ, ವಯಸ್ಸು ಯಾವುದೂ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ರೇಬಿಸ್, ರಕ್ತದ ಕ್ಯಾನ್ಸರ್ ಇದ್ದರೆ ತಗೊಳ್ಳಲ್ಲ. ಕಣ್ಣು ಕೊಟ್ಟಮೇಲೂ ದೇಹವನ್ನು ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗಕ್ಕೆ ಕೊಡಬಹುದು, ಪೋಸ್ಟ್‌ಮಾರ್ಟಂ ಆಗಿದ್ದರೆ ಸಾಮಾನ್ಯವಾಗಿ ಒಪ್ಪಲ್ಲ. ಬೇಡ ಅನ್ನುವ ಒಬ್ಬ ಚಿಕ್ಕಪ್ಪನೋ ಭಾವನೋ ಎಲ್ಲ ಮನೆಯಲ್ಲೂ ಇರುತ್ತಾರೆ. ಅವರ ಹತ್ತಿರ ಈ ಮಾತು ಈಗಲೇ, ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ ಆಡಿಬಿಡಿ. ಹತ್ತಿರದ ನೇತ್ರ ಬ್ಯಾಂಕಿನ ನಂಬರನ್ನು ಅವರ ಫೋನಿನಲ್ಲೂ ಸೇವ್ ಮಾಡಿಸಿ.