‘ಅಪ್ಪಾ, ಆ ಆರು ನಂಬರ್ ಬೇಗ ಹೇಳಿ’

ನಮ್ಮೂರು ಸಾಗರದಲ್ಲಿ ಮಳೆ ಹಿಡಿದರೆ ಕರೆಂಟಿನ ಕಥೆ ಗೊತ್ತಲ್ವಾ? ಹೋದ ಜುಲೈನಲ್ಲಿ ಅಪ್ಪನ ಮನೆಯ ಇನ್ವರ್ಟರ್ ಬ್ಯಾಟರಿಯೂ ಕೈಕೊಟ್ಟಿತು. ರಾತ್ರಿ ಅಮ್ಮ ಬಚ್ಚಲಿಗೆ ಹೊರಟರೆ ಅಪ್ಪ ಟಾರ್ಚ್ ಹಿಡಿದು ಹಿಂದೆ ನಡೆಯಬೇಕು. ನಾನಿರುವುದು ಡಲ್ಲಾಸ್‌ನಲ್ಲಿ. ಇಲ್ಲಿಂದ ನನ್ನ ಕೈಲಾಗುವುದು ದುಡ್ಡು ಕಟ್ಟೋದೊಂದೇ. ಬ್ಯಾಟರಿ ಮಾರುವ ಒಂದು ವೆಬ್‌ಸೈಟ್ ಸಿಕ್ಕಿತು. 16,500 ರೂಪಾಯಿ, ಮನೆಗೇ ತಂದು ಜೋಡಿಸಿಕೊಡುತ್ತಾರೆ. ಪುಟದ ಕೆಳಗೆ ವೀಸಾ, ಮಾಸ್ಟರ್‌ಕಾರ್ಡ್ ಚಿತ್ರ ಬೇರೆ. ಇಲ್ಲಿ ರಾತ್ರಿ ಹನ್ನೊಂದು, ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ಐದು ನಿಮಿಷದ ಕೆಲಸ ಅಂದುಕೊಂಡು ಕೂತೆ.

ಎದ್ದಾಗ ಒಂದೂಕಾಲು. ಬ್ಯಾಟರಿ ಮಾತ್ರ ಬುಕ್ ಆಗಿರಲಿಲ್ಲ.

ಮೊದಲು ಅಮೆರಿಕದ ಕ್ರೆಡಿಟ್ ಕಾರ್ಡ್ ಹಾಕಿದೆ. ಬಿಲ್ಲಿಂಗ್ ವಿಳಾಸ ಕೇಳಿತು. ನಮ್ಮ ಜಿಪ್ ಕೋಡ್‌ಗೆ ಐದೇ ಅಂಕಿ, ಆ ಫಾರಂಗೆ ಆರು ಬೇಕು. ಆರು ತುಂಬುವ ತನಕ ಬಟನ್ ಬೂದು ಬಣ್ಣದಲ್ಲೇ ಮುಖ ಗಂಟಿಕ್ಕಿಕೊಂಡು ಕೂತಿರುತ್ತದೆ. ಮೊಬೈಲ್ ನಂಬರಿನ ಮುಂದೆ +91 ಅಂತ ಅಚ್ಚೊತ್ತಿಬಿಟ್ಟಿದ್ದಾರೆ, ಅಳಿಸಲು ಬರುವುದಿಲ್ಲ. ಸರಿ, ಹಾಳಾಗಲಿ ಅಂತ ಊರಿನ ಪಿನ್ ಕೋಡ್ 577401 ಹಾಕಿ ಒತ್ತಿದೆ. ಎಡವಿದ್ದು ಅಲ್ಲೇ.

ಅಮೆರಿಕ, ಕೆನಡಾ, ಬ್ರಿಟನ್ನಿನ ಕಾರ್ಡುಗಳಿಗೆ ವಿಳಾಸ ತಾಳೆ ನೋಡುವ ಪದ್ಧತಿ ಒಂದಿದೆ. ಎವಿಎಸ್ ಅಂತಾರೆ. ಅದಕ್ಕೆ ಮುಖ್ಯ ಅಂಕಿಗಳು. ಮನೆ ನಂಬರು, ಜಿಪ್ ಕೋಡು, ಇವು ಬ್ಯಾಂಕಿನಲ್ಲಿ ಇರುವುದಕ್ಕೆ ಸರಿಹೊಂದುತ್ತವೆಯೇ ಅಂತ ನೋಡುತ್ತದೆ. ನಾನು ಕೊಟ್ಟಿದ್ದು ‘ಮಾರಿಕಾಂಬಾ ದೇವಸ್ಥಾನದ ಹಿಂದೆ’. ಅದರಲ್ಲಿ ಅಂಕಿ ಎಲ್ಲಿಂದ ಬರಬೇಕು? ಬ್ಯಾಂಕ್ ‘ಹೊಂದುತ್ತಿಲ್ಲ’ ಅಂದಿತು, ಅಂಗಡಿಗೂ ಬ್ಯಾಂಕಿಗೂ ನಡುವೆ ದುಡ್ಡು ದಾಟಿಸುವ ಗೇಟ್‌ವೇ ಬಾಗಿಲು ಹಾಕಿತು. ನಿಜವಾದ ವಿಳಾಸ ಬರೆಯಲು ಫಾರಂ ಬಿಡುವುದಿಲ್ಲ, ಫಾರಂ ಒಪ್ಪುವ ವಿಳಾಸವನ್ನು ಬ್ಯಾಂಕ್ ನಂಬುವುದಿಲ್ಲ. ಪರದೆ ಮೇಲೆ ಬಂದಿದ್ದು ಮಾತ್ರ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’. ಏನೋ ಅಂದರೆ ಏನು ಮಾರಾಯರೇ?

ಆಮೇಲೆ, ಹೊರದೇಶದಲ್ಲಿರುವವರು ಭಾರತದ ಬ್ಯಾಂಕಿನಲ್ಲಿ ಇಟ್ಟುಕೊಳ್ಳುವ ಎನ್‌ಆರ್‌ಓ ಖಾತೆಯ ಡೆಬಿಟ್ ಕಾರ್ಡ್ ತೆಗೆದೆ. ಅದಕ್ಕೆ ಓಟಿಪಿ. ನನ್ನ ಹಳೆಯ ಸಿಮ್ ರೀಚಾರ್ಜ್ ಇಲ್ಲದೆ ಸತ್ತು ವರ್ಷಗಳಾದವು. ಹಾಗಾಗಿ ಖಾತೆಗೆ ಅಪ್ಪನ ನಂಬರನ್ನೇ ಕೊಟ್ಟಿದ್ದೆ. ಹೊರದೇಶದಲ್ಲಿರುವ ನಮ್ಮಲ್ಲಿ ಅರ್ಧ ಜನ ಹೀಗೇ ಮಾಡಿರುತ್ತೇವೆ, ಸುಮ್ನೆ ಒಪ್ಪಿಕೊಳ್ಳಿ. ವಾಟ್ಸಾಪಲ್ಲಿ ಕಾಲ್ ಮಾಡಿದೆ.

‘ಅಪ್ಪಾ, ಒಂದು ಮೆಸೇಜ್ ಬಂದಿದೆ ನೋಡಿ. ಆರು ನಂಬರ್ ಇದೆ, ಬೇಗ ಹೇಳಿ.’

ಅಪ್ಪ ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಯಾವುದನ್ನೂ ಪೂರ್ತಿ ಓದದೆ ಬಿಡುವುದಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡರು. ‘ಯಾರಿಗೂ ಹೇಳಬಾರದು ಅಂತ ಬರೆದಿದ್ದಾರಲ್ಲೋ?’

‘ನಾನು ಅಪ್ಪಾ, ನಾನು!’

‘ಎಲ್ಲರೂ ಹಾಗೇ ಹೇಳ್ತಾರಂತೆ. ಪೇಪರಲ್ಲಿ ಬಂದಿತ್ತು.’

ಕಾಲ್ ಕಟ್ ಮಾಡಿ, ಅವರೇ ವಿಡಿಯೋ ಕಾಲ್ ಮಾಡಿ, ನನ್ನ ಮುಖ ನೋಡಿ ಖಾತ್ರಿ ಮಾಡಿಕೊಂಡರು. ಅಷ್ಟರಲ್ಲಿ ಟೈಮ್ ಮುಗಿದಿತ್ತು. ಎರಡನೇ ಸಲ ಕಳಿಸಿದಾಗ ಅವರು ಓದಿದ್ದು ಮೊದಲಿನ ಮೆಸೇಜನ್ನು. ಮೂರನೇ ಸಲಕ್ಕೆ ಕರೆಂಟ್ ಹೋಗಿ ವೈಫೈ ಸತ್ತಿತು. ಬ್ಯಾಟರಿ ಇಲ್ಲವಲ್ಲ!

ಆ ರಾತ್ರಿ ಸಿಟ್ಟೆಲ್ಲ ಓಟಿಪಿ ಮೇಲಿತ್ತು. ಈಗ ಇಲ್ಲ. ಆ ನಿಯಮ ಒಳ್ಳೆಯದೇ. ಆನ್‌ಲೈನ್ ಕಾರ್ಡ್ ಪಾವತಿಗೆ ಇನ್ನೊಂದು ಹಂತದ ಪರೀಕ್ಷೆ ಬೇಕೇ ಬೇಕು ಅಂತ ರಿಸರ್ವ್ ಬ್ಯಾಂಕ್ 2009ರ ಫೆಬ್ರವರಿಯಲ್ಲಿ ಹೇಳಿತು, ಆಗಸ್ಟ್ 1ರಿಂದ ಜಾರಿಯಾಯಿತು. ನಾನಿರುವ ದೇಶದಲ್ಲಿ ಕಾರ್ಡಿನ ನಂಬರು, ಹಿಂದಿನ ಮೂರಂಕಿ ಗೊತ್ತಿದ್ದರೆ ಎಷ್ಟೋ ಕಡೆ ದುಡ್ಡು ಹೋಗೇ ಹೋಯಿತು. ಊಬರ್ ಭಾರತಕ್ಕೆ ಬಂದಾಗ ವಿದೇಶಿ ಗೇಟ್‌ವೇ ಮೂಲಕ ಓಟಿಪಿ ಇಲ್ಲದೆ ಕಾರ್ಡಿನಿಂದ ದುಡ್ಡು ಎಳೆಯುತ್ತಿತ್ತು. ಭಾರತದಲ್ಲೇ ಇರುವ ಗ್ರಾಹಕ, ಭಾರತದ ಕಾರ್ಡು, ಭಾರತದ ಟ್ಯಾಕ್ಸಿ, ದುಡ್ಡು ಮಾತ್ರ ಹೊರಗಿಂದ ಸುತ್ತಿ ಬರಬೇಕಾ? 2014ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇಂಥ ಅಡ್ಡದಾರಿಗಳಿಗೆ ಅಕ್ಟೋಬರ್ 31ರ ಗಡುವು ಹಾಕಿತು. ಸರಿಯಾಗೇ ಮಾಡಿತು.

ಆದರೆ ವಿದೇಶಿ ಬ್ಯಾಂಕು ಕೊಟ್ಟ ಕಾರ್ಡಿಗೆ ಆ ನಿಯಮ ಅನ್ವಯಿಸುವುದೇ ಇಲ್ಲ. ಅಂದರೆ ನನ್ನ ಅಮೆರಿಕದ ಕಾರ್ಡನ್ನು ತಡೆದಿದ್ದು ರಿಸರ್ವ್ ಬ್ಯಾಂಕ್ ಅಲ್ಲ, ಆರಂಕಿಯ ಒಂದು ಖಾಲಿ ಡಬ್ಬಿ. ಫಾರಂ ಬರೆದ ಹುಡುಗನ ತಲೆಯಲ್ಲಿ ಗ್ರಾಹಕ, ಅವನ ಫೋನು, ಅವನ ಮನೆ, ಮೂರೂ ಒಂದೇ ಕಡೆ ಇರುತ್ತವೆ. ನನ್ನವು ಒಂದೊಂದು ಒಂದೊಂದು ಕಡೆ.

ಸಣ್ಣ ಅಂಗಡಿಯವರನ್ನು ನಾನು ಬೈಯುವುದಿಲ್ಲ. ವಿದೇಶಿ ಕಾರ್ಡ್ ಬೇಕಾದರೆ ಗೇಟ್‌ವೇ ಹತ್ತಿರ ಬೇರೆಯಾಗಿ ಕೇಳಿ ಆನ್ ಮಾಡಿಸಬೇಕು, ಕಮಿಷನ್ನೂ ಜಾಸ್ತಿ. ಮೇಲಾಗಿ ಆ ಕಡೆಯವನು ‘ಇದು ನಾನು ಮಾಡಿದ ಪಾವತಿ ಅಲ್ಲ’ ಅಂತ ಬ್ಯಾಂಕಿಗೆ ದೂರು ಕೊಟ್ಟರೆ ದುಡ್ಡು ವಾಪಸ್ ಹೋಗಬಹುದು. ಬ್ಯಾಟರಿ ವಾಪಸ್ ಬರುತ್ತಾ? ನಾನೇ ಅಂಗಡಿ ಇಟ್ಟಿದ್ದರೂ ಬೇಡ ಅನ್ನುತ್ತಿದ್ದೆ. ಆದರೆ ಬೇಡ ಅಂದರೆ ಬೇಡ ಅಂತ ಮೊದಲೇ ಬರೆಯಿರಿ. ವೀಸಾ ಚಿತ್ರ ಅಂಟಿಸಿ, ಎರಡು ಗಂಟೆ ಫಾರಂ ತುಂಬಿಸಿಕೊಂಡು, ಕೊನೆಗೆ ‘ಏನೋ ತಪ್ಪಾಗಿದೆ’ ಅನ್ನಬೇಡಿ.

ಯುಪಿಐ ಮಾಡಬಹುದಿತ್ತಲ್ಲ ಅಂತ ಕೇಳುತ್ತೀರಿ, ಗೊತ್ತು. 2023ರ ಜನವರಿಯಲ್ಲಿ, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಹತ್ತು ದೇಶಗಳ ಮೊಬೈಲ್ ನಂಬರಿಗೆ ದಾರಿ ಬಿಟ್ಟಿದೆ, ಅಮೆರಿಕವೂ ಅದರಲ್ಲಿದೆ. ನಮ್ಮಂಥ ಹೊರದೇಶದವರ ಎನ್‌ಆರ್‌ಇ ಅಥವಾ ಎನ್‌ಆರ್‌ಓ ಖಾತೆಗೆ ಇಲ್ಲಿನ ನಂಬರ್ ಜೋಡಿಸಿರಬೇಕು ಅಷ್ಟೇ. ನನ್ನದಕ್ಕೆ ಜೋಡಿಸಿದ್ದು ಅಪ್ಪನದಲ್ವಾ? ಅದನ್ನು ಬದಲಿಸಲು ಶಾಖೆಗೇ ಬನ್ನಿ ಅಂದರು.

ನನ್ನನ್ನು ಇವತ್ತಿಗೂ ಚುಚ್ಚುವುದು ದುಡ್ಡಿನ ವಿಷಯ ಅಲ್ಲ. ‘ಬೇಗ ಹೇಳಿ, ಟೈಮ್ ಮುಗಿಯುತ್ತೆ, ನಾನೇ ಅಲ್ವಾ’ ಅಂತ ಆ ರಾತ್ರಿ ಅಂದೆನಲ್ಲ, ಮೋಸಗಾರರು ಹೇಳುವುದೂ ಅಕ್ಷರಕ್ಕೆ ಅಕ್ಷರ ಇದೇ. ಅಪ್ಪ ಯಾರಿಗೂ ಹೇಳಲ್ಲ ಅಂತ ಗಟ್ಟಿಯಾಗಿ ಕೂತಿದ್ದರು. ಬಾಯಿಬಿಡಿಸಲು ಕಲಿಸಿದ್ದು ನಾನು. ನಾಳೆ ಇನ್ನೊಬ್ಬ ಫೋನ್ ಮಾಡಿ ಅವಸರ ಮಾಡಿದರೆ ಅವರು ಹೇಳುವುದಿಲ್ಲ ಅಂತ ಯಾವ ಧೈರ್ಯದ ಮೇಲೆ ನಂಬಲಿ?

ಮರುದಿನ ಶಿವಮೊಗ್ಗದಲ್ಲಿರುವ ಚಿಕ್ಕಪ್ಪನ ಮಗ ಅದೇ ವೆಬ್‌ಸೈಟಲ್ಲಿ ಯುಪಿಐ ಮಾಡಿ ಮುಗಿಸಿದ. ಅರ್ಧ ನಿಮಿಷ ಹಿಡಿಯಿತಂತೆ.

ಡಿಸೆಂಬರಲ್ಲಿ ಊರಿಗೆ ಹೋದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಜುಲೈ ಹಾಳೆ ತಿರುವಿದರೆ, ಹಿಂದೆ ಪೆನ್ಸಿಲ್ಲಿನಲ್ಲಿ ಮೂರು ಸಾಲು. ಆರಾರು ಅಂಕಿ, ಎದುರಿಗೆ ತಾರೀಖು, ಗಂಟೆ. ‘ಯಾಕಪ್ಪಾ ಇದು?’ ಅಂದೆ. ‘ಮುಂದೆ ಎಂದಾದರೂ ಬೇಕಾದರೆ ಅಂತ’ ಅಂದರು.

ಅವತ್ತೇ ಬ್ಯಾಂಕಿಗೆ ಹೋದೆ. ನಂಬರ್ ಬದಲಾಯಿಸುವ ಅರ್ಜಿಯಲ್ಲಿ ಮೊಬೈಲಿಗೆ ಹತ್ತು ಚೌಕ. ದೇಶದ ಕೋಡ್ ಸೇರಿದರೆ ನನ್ನದು ಹನ್ನೊಂದು. ಕೌಂಟರಿನಲ್ಲಿದ್ದವರು ಸ್ವಲ್ಪ ಹೊತ್ತು ಅದನ್ನೇ ನೋಡಿ, ಆ ಒಂದನ್ನು ಚೌಕದ ಹೊರಗೆ, ಅಂಚಿನಲ್ಲಿ ಬರೆದು ಸುತ್ತ ಒಂದು ಸೊನ್ನೆ ಸುತ್ತಿದರು.